ಟವೆಲ್ ಕೆಳಗಿನ ಕೈ

ನವೆಂಬರ್ 18

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದವನ ಹಾಗೆ ಸಾಲು ಬಿಟ್ಟು ನಡೆಯುತ್ತಿವೆ. ಇರಲಿ, ಓದುವವರು ಯಾರು? ಮಗ ಕಾಂತೇಶ ಮರಾಠಿ ಸಾಲೆಯಲ್ಲಿ ಕಲಿತವನು, ಅವನಿಗೆ ಕರ್ನಾಟಕದ ಬಸ್ಸಿನ ಬೋರ್ಡು ಓದುವುದಕ್ಕೂ ನಾನೇ ಬೇಕು. ಇವಳಿಗೆ, ಹೆಂಡತಿ ಕಲ್ಯಾಣಮ್ಮನಿಗೆ, ಸಹಿ ಮಾಡುವಷ್ಟು ಮಾತ್ರ ಬರುತ್ತದೆ. ಸೋಲಾಪುರ ಕಡೆಯ ಈ ಕುಂಭಾರಿಯಲ್ಲಿ ಕನ್ನಡ ಓದುವವರು ನಾನು ಮತ್ತು ನನ್ನಂಥ ನಾಲ್ಕು ಮುದುಕರು.

ಇಂದು ಪ್ಲಾಸ್ಟರ್ ತೆಗೆದರು. ದಸರೆ ಮುಗಿದ ವಾರ ಸಂತೆಯಲ್ಲಿ ಒಂದು ಎತ್ತು ತಲೆ ಬೀಸಿ ನನ್ನನ್ನು ಕಲ್ಲಿನ ಮೇಲೆ ಕೆಡವಿತ್ತು, ಆಗ ಬಲಗೈ ಮಣಿಕಟ್ಟು ಮುರಿದಿತ್ತು. “ಎಲುಬು ಚೊಕ್ಕ ಕೂಡ್ಯಾದ ನೋಡ್ರಿ,” ಎಂದು ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ತೋರಿಸಿದರು. ನಾನು ನೋಡಿದ್ದು ಎಕ್ಸ್‌ರೇಯನ್ನಲ್ಲ, ಪ್ಲಾಸ್ಟರಿನಿಂದ ಹೊರಬಂದದ್ದನ್ನು. ಊದಿಕೊಂಡ, ಮಿರಮಿರ ಹೊಳೆಯುವ, ಕೆಂಪಗಿನ ಏನೋ ಒಂದು. ಬೆವರುತ್ತಿತ್ತು. ಎಡಗೈ ತಣ್ಣಗೆ ಒಣಗಿದೆ, ಅದು ಮಾತ್ರ ಬೆವರುತ್ತದೆ.

ಗಾಡಿ ಹತ್ತುವಾಗ ಕಾಂತೇಶನ ತೋಳು ಅದಕ್ಕೆ ತಾಗಿತು. ಕೆಂಡ ಇಟ್ಟ ಹಾಗಾಯಿತು, ರಸ್ತೆಯಲ್ಲೇ ಕೂಗಿದೆ. ಚಹದಂಗಡಿಯವರೆಲ್ಲ ತಿರುಗಿ ನೋಡಿದರು.

ನವೆಂಬರ್ 26

ಇಷ್ಟು ವಾರ ಸಂತೆ ತಪ್ಪಿಸಿ ಮನೆಯಲ್ಲಿ ಕೂತದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಹೊಲ ಇದೆ, ಜೋಳ ನಿಂತಿದೆ, ಊಟಕ್ಕೆ ಚಿಂತೆಯಿಲ್ಲ. ಆದರೆ ಭೀಮಶಾ ಅಂದರೆ ಊರಿಗೆ ಗೊತ್ತಿರುವುದು ಹೊಲದಿಂದಲ್ಲ. ಅಕ್ಕಲಕೋಟೆಯ ದನದ ಸಂತೆಯಲ್ಲಿ ಅಪ್ಪ ಹಿಡಿದ ಜಾಗದಲ್ಲಿ ನಾನು ದಲ್ಲಾಳಿಯಾಗಿ ನಿಂತವನು. ನನ್ನ ಕೈಗೆ ಎತ್ತು ಕೊಟ್ಟವರು ಬೇವಿನ ನೆರಳಿಗೆ ಹೋಗಿ ನಿದ್ದೆ ಮಾಡುತ್ತಾರೆ.

ನಮ್ಮ ವ್ಯಾಪಾರದಲ್ಲಿ ಬಾಯಿಗೆ ಕೆಲಸವಿಲ್ಲ. ಮಾರುವವನ ಕಡೆಯ ದಲ್ಲಾಳಿ, ಕೊಳ್ಳುವವನ ಕಡೆಯವನು, ಇಬ್ಬರ ಬಲಗೈಯೂ ಒಂದು ಟವೆಲ್ ಕೆಳಗೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಬೇಡವಾದರೆ ಕೈ ಸಡಿಲ ಬಿಡಬೇಕು. ಐದೂ ಬೆರಳಿನಿಂದ ಎದುರಿನವನ ಅಂಗೈ ಅಮುಕಿದರೆ ಒಪ್ಪಿದಂತೆ. ಟವೆಲ್ ತೆಗೆದ ಮೇಲೆ ಯಾರಪ್ಪ ಬಂದರೂ ಮಾತು ಹಿಂದೆ ಬರುವುದಿಲ್ಲ. ಸುತ್ತ ನೂರು ಜನ ನಿಂತಿದ್ದರೂ ಒಳಗೆ ಏನಾಯಿತೆಂದು ಆ ಎರಡು ಕೈಗಳಿಗೆ ಮಾತ್ರ ಗೊತ್ತಿರುತ್ತದೆ. ಎಡಗೈ ಕೊಟ್ಟರೆ ಯಾರೂ ಹಿಡಿಯುವುದಿಲ್ಲ, ಅಪಮಾನ ಮಾಡಿದ ಎಂದು ಎದ್ದು ಹೋಗುತ್ತಾರೆ.

ಬಲಗೈ ಅನ್ನುವ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಕೂತಿದ್ದೇನೆ. ಅಲುಗಾಡಿಸುವುದಿಲ್ಲ. ಅಲುಗಾಡಿಸದಿದ್ದರೆ ತಾನೇ ಗುಣವಾಗುತ್ತದೆ.

ಡಿಸೆಂಬರ್ 2

ಇವಳು ಅರಿಶಿಣ, ಸುಣ್ಣ ಕಲಸಿ ತಂದಳು. “ಸ್ವಲ್ಪ ತಡೀರಿ, ಹಗರಕ ಹಚ್ಚತೀನಿ,” ಎಂದಳು. ಬೆರಳ ತುದಿ ತಾಗಿಸಿದಳು ಅಷ್ಟೇ, ನಾನು ಬಟ್ಟಲಿಗೆ ಒದ್ದೆ. ಗೋಡೆಯೆಲ್ಲ ಕೆಂಪಾಯಿತು. ಮಾತಾಡದೆ ಒರೆಸಿದಳು. ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಹೊದ್ದುಕೊಂಡರೆ ಕಂಬಳಿ ಉರಿಯುತ್ತದೆ, ಹೊದೆಯದಿದ್ದರೆ ಗಾಳಿ ಉರಿಯುತ್ತದೆ. ಮಗ್ಗುಲಲ್ಲಿ ಮಲಗಬೇಡವೆಂದು ಅವಳಿಗೆ ಹೇಳಿದ್ದೇನೆ. ನಡುಮನೆಯಲ್ಲಿ ಮಲಗುತ್ತಾಳೆ.

ಡಿಸೆಂಬರ್ 9

ಕಂದಲಗಾಂವದ ತುಳಜಾಬಾಯಿ ಹೇಳಿ ಕಳಿಸಿದ್ದಳು. ಗಂಡ ಸತ್ತ ಮೇಲೆ ತಾನೇ ನಿಂತು ಹೊಲ ಮಾಡಿಸುವ ಹೆಂಗಸು. ಟ್ರ್ಯಾಕ್ಟರ್ ಬಂತು, ಖಿಲಾರಿ ಎತ್ತಿನ ಜೋಡಿ ಮಾರಬೇಕು, ಭೀಮಶಾನೇ ನಿಂತು ಮಾರಲಿ ಎಂದು. ಬರುವುದಿಲ್ಲ ಎನ್ನಬೇಕಿತ್ತು. ಈ ನಾಲ್ಕು ಗೋಡೆ ನೋಡಿ ನೋಡಿ ತಲೆ ಕೆಟ್ಟಿತ್ತು, ಸಂತೆಗೆ ಹೋದೆ. ಅದನ್ನು ಶಾಲಿನೊಳಗೆ ಅಡಗಿಸಿಕೊಂಡಿದ್ದೆ. ಚಳಿ ಎಂದುಕೊಂಡರು.

ಎದುರಿಗೆ ಸಿದ್ರಾಮ. ಮಂಗಳವೇಢೆ ಕಡೆಯವನು, ದಲ್ಲಾಳಿಗಳಲ್ಲಿ ಹಿರಿಯ. ಇಂದು ತನ್ನ ಹೊಲಕ್ಕೇ ಜೋಡಿ ಹುಡುಕುತ್ತಿದ್ದ. ಟವೆಲ್ ಹಾಸಿದ. ಎರಡು ಬೆರಳು ಹಿಡಿದ. ಅವನು ಒರಟು ಮನುಷ್ಯನಲ್ಲ, ಮೆತ್ತಗೇ ಹಿಡಿದ. ಮೊಣಕೈವರೆಗೂ ಬೆಂಕಿ ಹರಿಯಿತು. ಕೈ ಎಳೆದುಕೊಳ್ಳಲು ಹೋದೆ. ಎಳೆಯುವ ಬದಲು ಅದು ತಾನಾಗಿ ಮಡಚಿಕೊಂಡು ಅವನ ಅಂಗೈಯನ್ನು ಗಟ್ಟಿ ಅಮುಕಿತು. ಐದೂ ಬೆರಳು.

ಸಿದ್ರಾಮ ನನ್ನ ಮುಖ ನೋಡಿದ. ಅವನಿಗೂ ಆಶ್ಚರ್ಯ. ಅದು ಬೆಲೆಯೇ ಅಲ್ಲ, ಚೌಕಾಶಿಗೆ ಮೊದಲು ಸುಮ್ಮನೆ ಹಿಡಿಯುವ ಬೆರಳು. “ಆತು ತಗೋ!” ಎಂದು ಟವೆಲ್ ಎಳೆದ, ಜೋಡಿ ಆ ಎರಡು ಬೆರಳಿನ ಬೆಲೆಗೇ ಹೋಯಿತು.

ಆಗಲೇ ಹೇಳಬಹುದಿತ್ತು. ತಡೀಪಾ, ನನ್ನ ಕೈ ಕೆಟ್ಟದ ಎಂದು. ಸುತ್ತ ನಿಂತವರೆಲ್ಲ ನಾಳೆ ತಮ್ಮ ಎತ್ತು ತರಬೇಕಾದವರು. ಬಾಯಿ ಬರಲಿಲ್ಲ.

ಡಿಸೆಂಬರ್ 10

ಏನೂ ಬೇಡ.

ಡಿಸೆಂಬರ್ 14

ತುಳಜಾಬಾಯಿ ಬಂದಿದ್ದಳು. ಬೈಯಲು ಬಂದಳೆಂದು ತಯಾರಾಗಿದ್ದೆ. ಶೇಂಗಾ ತಂದಿದ್ದಳು.

“ಖಿಲಾರಿ ಬೆಲಿ ಅಷ್ಟ ಬಿದ್ದಾವೇನೋ ತಮ್ಮಾ?” ಎಂದು ಕೇಳಿದಳು.

“ಬಿದ್ದಾವ್ ಅಕ್ಕಾ. ಎಲ್ಲಾರೂ ಟ್ರ್ಯಾಕ್ಟರ್ ತಗೊಳ್ಳಾಕತ್ತಾರ,” ಎಂದೆ.

“ಹಂಗಾರ ಇರ್ಲಿ ಬಿಡು. ನೀ ಹಿಡದಿ ಅಂದ ಮ್ಯಾಲ ಬರಾಬರ್‌ನ ಇರ್ತದ,” ಎಂದು ಚಹಾ ಕುಡಿದು ಎಸ್‌ಟಿ ಬಸ್ಸು ಹಿಡಿಯಲು ಹೋದಳು. ಬೈದಿದ್ದರೆ ಸುಖವಾಗಿರುತ್ತಿತ್ತು. ಅವಳ ಶೇಂಗಾದ ಚೀಲ ಇನ್ನೂ ಕಟ್ಟೆಯ ಮೇಲೇ ಇದೆ, ಒಳಗಿಡು ಎನ್ನಲು ನಾಚಿಕೆಯಾಗುತ್ತಿದೆ.

ಡಿಸೆಂಬರ್ 20

ಕಾಂತೇಶ ಸೋಲಾಪುರದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಟವೆಲ್ ಕಾರ್ಖಾನೆಗೆ ಹೋಗುತ್ತಾನೆ. ಊರ ಸುದ್ದಿಯೆಲ್ಲ ಅವನ ಜೊತೆ ಗಾಡಿಯ ಮೇಲೆ ಬರುತ್ತದೆ. ಇಂದು ಊಟಕ್ಕೆ ಕೂತಾಗ ಹೇಳಿದ.

“ಅಪ್ಪಾ, ಬಾಜಾರದಾಗ ಮಂದಿ ಏನೇನೋ ಅನ್ನಾಕತ್ತಾರ. ಸಿದ್ರಾಮ ಕಾಕಾನ ಕೂಡ ನೀ ಒಳಗಿಂದೊಳಗ ಕೂಡೀದಿ ಅಂತ. ರಂಡಮುಂಡಿ ಹೆಂಗಸಿನ ಎತ್ತು ಸಸ್ತಾ ಕೊಡಿಸಿ ಪಾಲ ತಿಂದಿ ಅಂತ.”

ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದೆ.

“ಕೈ ಸುದ್ದಿ ಹೇಳಿಬಿಡು ಅವರಿಗಿ. ಖರೇನ ಹೇಳು.”

“ಏನಂತ ಹೇಳ್ಲಿ? ಭೀಮಶಾನ ಕೈ ಸತ್ತದ, ಇನ್ನ ಯಾರೂ ಎತ್ತ ತರಬ್ಯಾಡ್ರಿ ಅಂತ ಡಂಗುರ ಹೊಡೀಲೇನು?”

ಹೇಳದಿದ್ದರೆ ಕಳ್ಳ. ಹೇಳಿದರೆ ಕೈಲಾಗದವನು. ಇದು ಸರಿಯಾದ ದೊಡ್ಡಿ, ಎರಡೂ ಕಡೆ ಬೇಲಿ. ಮೂವತ್ತು ವರ್ಷ ಇನ್ನೊಬ್ಬರ ಎತ್ತಿಗೆ ಬಾಯಿಯಾದ ಕೈ ಈಗ ನನಗೇ ಬಾಯಿ ಕೊಡುವುದಿಲ್ಲ. ಅಳು ಬಂತು. ನೋವಿಗೆಂದು ತಿಳಿದು ಇವಳು ಗುಳಿಗೆ ತಂದಿಟ್ಟಳು.

ಡಿಸೆಂಬರ್ 23

ಕಾಂತೇಶ ಬಿಡಲಿಲ್ಲ, ಸೋಲಾಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಎರಡೂ ಕೈ ಪಕ್ಕಪಕ್ಕ ಇಡಿಸಿ ನೋಡಿ, ಗುಳಿಗೆ ಬರೆದು, ವ್ಯಾಯಾಮ ಮಾಡಿಸುವ ರೂಪಾಲಿಯ ಹತ್ತಿರ ಕಳಿಸಿದರು. ನನ್ನ ಮಗಳಿದ್ದಿದ್ದರೆ ಆ ವಯಸ್ಸಿರುತ್ತಿತ್ತು. ಅರ್ಧ ಮರಾಠಿ, ಅರ್ಧ ನಮ್ಮ ಮಾತು.

ಮೊದಲು ನಾನೇ ಕೇಳಿದೆ. “ಎಲುಬು ಕೂಡ್ಯಾದ ಅಂತಾರ. ಮತ್ತ ಇದು ನಾಟಕ ಏನವ್ವಾ? ನನಗ ಹುಚ್ಚ ಹಿಡದದೇನು?”

“ನಾಟಕ ಅಲ್ರಿ ಕಾಕಾ. ಎಲುಬಿನ ಕೆಲಸ ಮುಗದದ, ನರದ್ದು ಮುಗದಿಲ್ಲ,” ಎಂದಳು. “ನರ ಅಂದ್ರ ಬರೇ ತಾರ್ ಅಂತ ತಿಳಕೊಂಡೀರಿ. ಇಲ್ಲಿನ ನೋವು ಮೆದುಳಿಗಿ ಒಯ್ಯೋದಷ್ಟ ಅದರ ಕೆಲಸ ಅಲ್ರಿ. ಅದರ ತುದಿಯಿಂದ ಸಣ್ಣಸಣ್ಣ ಪದಾರ್ಥ ಹೊರಗ ಬೀಳ್ತಾವ. ನ್ಯೂರೋಪೆಪ್ಟೈಡ್ ಅಂತೀವಿ. ಅವು ರಕ್ತದ ನಳಿಗಿ ಅಗಲ ಮಾಡ್ತಾವ. ರಕ್ತ ನುಗ್ತದ, ಕೈ ಕೆಂಪ ಆಗ್ತದ, ಬಿಸಿ ಆಗ್ತದ, ನೀರ ಸೋರಿ ಬಾವು ಬರ್ತದ. ಬಾಜೂಕಿನ ನರಕ್ಕೂ ಚುಚ್ಚಿ ಎಬ್ಬಸ್ತಾವ. ಪೆಟ್ಟ ಬಿದ್ದಾಗ ಇದು ಬೇಕಽ ಬೇಕು, ಗಾಯ ಮಾಯೂದಕ್ಕ. ನಿಮ್ಮ ಕೈಯಾಗ ಗಾಯ ಮಾದರೂ ನಿಂತಿಲ್ಲ. ಗಾಳಿ ಬಂದ್ರೂ ಪೆಟ್ಟಽ ಬಿತ್ತು ಅಂತ ಅದು ಒದರ್ತದ.”

ನರವೆಂದರೆ ದಲ್ಲಾಳಿ ಎಂದು ನನಗೆ ಹೊಳೆಯಿತು. ಈ ಕಡೆಯ ಮಾತು ಆ ಕಡೆ ಒಯ್ಯಬೇಕಾದವನು. ನಡುವೆ ನಿಂತು ತಾನೇ ಎಣ್ಣೆ ಸುರಿದು ಬೆಂಕಿ ಹಚ್ಚಿದರೆ ಸಂತೆ ಉಳಿಯುವುದುಂಟೇ? ಅಂಥ ಇಬ್ಬರನ್ನು ನಾವೇ ಹಿಂದೆ ಅಕ್ಕಲಕೋಟೆಯಿಂದ ಓಡಿಸಿದ್ದೆವು. ಇದನ್ನು ಓಡಿಸುವುದು ಹೇಗೆ ಎಂದು ಕೇಳಿದೆ, ರೂಪಾಲಿ ನಕ್ಕಳು.

“ಓಡಸೂದಲ್ರಿ, ರೂಢಿ ಮಾಡಸೂದು. ಈ ಟವೆಲ್ ಮೊದಲ ಬಿಚ್ಚರಿ. ಮುಚ್ಚಿ ಕಟ್ಟಿ ಇಟ್ಟೀರಿ, ಅದಕ್ಕಽ ಅದು ಇನ್ನೂ ಹೆದರ್ಯಾದ. ಬೆರಳು ಆಡಸ್ರಿ, ಮುಟ್ಟರಿ. ಮೊದಲ ಮೆತ್ತನ ಅರಿವಿ, ಆಮ್ಯಾಲ ಒರಟಂದು. ಹಿಂಗಽ ಬಿಟ್ರ ಕೀಲು ಬಿಗೀತಾವ ಕಾಕಾ. ಆಮ್ಯಾಲ ನಮ್ಮ ಕೈಲೂ ಆಗಂಗಿಲ್ಲ.”

ನಾನು ಗುಣವಾಗಲೆಂದು ಮಾಡಿದ್ದೆಲ್ಲ ಉಲ್ಟಾ ಆಗಿತ್ತು. ದಾರಿಯುದ್ದಕ್ಕೂ ಕಾಂತೇಶನ ಜೊತೆ ಮಾತಾಡಲಿಲ್ಲ.

ಡಿಸೆಂಬರ್ 30

ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಹೊಲಕ್ಕೆ ಹೋದೆವು. ಸಜ್ಜೆಯ ಕಡುಬು, ಭಜ್ಜಿ, ಅಂಬಲಿ, ಎಲ್ಲ ಇತ್ತು. ಹೊಲಕ್ಕೆ ಎಡೆ ಎರಚುವ ಚರಗ ಚೆಲ್ಲಬೇಕಾದವನು ನಾನು. ಬಲಗೈಯಲ್ಲಿ ಹಿಡಿ ಅನ್ನವೂ ನಿಲ್ಲಲಿಲ್ಲ. ಎಡಗೈಯಲ್ಲಿ ಭೂಮಿತಾಯಿಗೆ ಕೊಡಬಾರದು. ಬುಟ್ಟಿ ಕೆಳಗಿಟ್ಟೆ. ಕಲ್ಯಾಣಮ್ಮ ಬಂದು ಬುಟ್ಟಿ ತೆಗೆದುಕೊಂಡಳು. “ಹುಲ್ಲುಲ್ಲಿಗೋ” ಎಂದು ಕೂಗುವುದು ಮಾತ್ರ ನನಗೆ ಬಿಟ್ಟಳು. ಅವಳು ಚೆಲ್ಲುತ್ತ ಮುಂದೆ, ನಾನು ಕೂಗುತ್ತ ಹಿಂದೆ, ಜೋಳದ ನಡುವೆ ಹೊಲವೆಲ್ಲ ಸುತ್ತಿದೆವು. ಅವಳು ಇಷ್ಟು ದೂರ ಎಸೆಯಬಲ್ಲಳು ಎಂದು ಗೊತ್ತಿರಲಿಲ್ಲ.

ಪ್ರತಿ ವರ್ಷ ಊಟಕ್ಕೆ ಬರುತ್ತಿದ್ದ ಮಂದಿಯಲ್ಲಿ ಅರ್ಧ ಜನ ಬರಲಿಲ್ಲ. ಕಡುಬು ಉಳಿಯಿತು.

ಜನವರಿ 9

ಕಾಂತೇಶ ಕಾರ್ಖಾನೆಯಿಂದ ಕತ್ತರಿಸಿ ಬಿಟ್ಟ ತುಂಡುಗಳನ್ನು ತಂದಿದ್ದಾನೆ. ಮಲ್‌ಮಲ್, ಮಗುವಿನ ಟವೆಲ್, ದೊಡ್ಡವರ ಟವೆಲ್, ಚಾದರು. ಕೊನೆಗೆ ನಮ್ಮ ಮನೆಯದೇ ಕಂಬಳಿ. ಬೆಳಿಗ್ಗೆ ಸಂಜೆ ಕೂತು ಸವರಬೇಕು. ಮಲ್‌ಮಲ್ ಸವರುವಾಗ ಹಲ್ಲು ಕಚ್ಚಿ ಹಲ್ಲೇ ನೋಯುತ್ತಿದೆ. ಅಂಥದ್ದರಲ್ಲಿ ಕೂಸಿಗೆ ಅಂಗಿ ಹೊಲಿಯುತ್ತಾರೆ! ಕಲ್ಯಾಣಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಒಳಗೆ ಬರುವುದಿಲ್ಲ. ಬಾ ಎಂದು ನಾನೂ ಅನ್ನಲಿಲ್ಲ.

ತುಳಜಾಬಾಯಿ ಮನೆಯಲ್ಲಿ ಉಳಿದಿದ್ದ ಹೋರಿಯನ್ನು ಬೇರೆಯವನ ಕೈಯಿಂದ ಮಾರಿಸಿದಳಂತೆ.

ಜನವರಿ 16

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡಲು ಈ ಸಲ ಮನೆಗೆ ಬಂದವರು ಕಡಿಮೆ. ಬಂದವರು ಕೈ ಮುಂದೆ ಮಾಡಿದರು, ನಾನು ಎಡಗೈ ಚಾಚಿದೆ. ಬಟ್ಟಲಲ್ಲಿ ಇಟ್ಟು ಹೋದರು.

ಮಗುವಿನ ಟವೆಲ್‌ವರೆಗೆ ಬಂದಿದ್ದೇನೆ. ಬೆರಳು ಸ್ವಲ್ಪ ಮಡಚುತ್ತವೆ.

ಜನವರಿ 24

ಆಸ್ಪತ್ರೆ. ರೂಪಾಲಿ ಹೇಳದೆ ಕೇಳದೆ ಎರಡು ಬೆರಳು ಹಿಡಿದಳು. ಸಂತೆಯಲ್ಲಿ ಮುಖ ಬಿಗಿಹಿಡಿಯುವ ವಿದ್ಯೆ ನನಗೆ ಕಲಿಸಬೇಕಿಲ್ಲ. ಹುಬ್ಬು ಅಲುಗಿಸಲಿಲ್ಲ. ಏನೂ ಆಗಲಿಲ್ಲವೆಂಬಂತೆ ಅವಳ ಕಣ್ಣೇ ನೋಡುತ್ತಿದ್ದೆ.

ಅವಳು ಮುಖ ನೋಡುತ್ತಲೇ ಇರಲಿಲ್ಲ. ಕೈ ನೋಡುತ್ತಿದ್ದಳು. ಹಿಡಿದಲ್ಲಿಂದ ಕೆಂಪು ಏರುತ್ತ ಮಣಿಕಟ್ಟು ದಾಟಿತು. ಬೆರಳ ತುದಿಯಲ್ಲಿ ಬೆವರು ಹನಿ ಕಟ್ಟಿತು. ತಾವಾಗಿ ಐದೂ ಬೆರಳು ಮಡಚಿ ಅವಳ ಅಂಗೈ ಅಮುಕಿದವು.

“ಮಾರಿ ಮುಚ್ಚಬಹುದು ಕಾಕಾ, ರಕ್ತ ಮುಚ್ಚಾಕ ಬರಂಗಿಲ್ಲ,” ಎಂದಳು. “ಯಾರ ಬೇಕಾದ್ರೂ ನೋಡ್ಲಿ, ಇದು ಸುಳ್ಳ ಮಾಡಾಕ ಬರಂಗಿಲ್ಲ.”

ಇದನ್ನು ಕೇಳಿದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಆ ದಿನ ಎಲ್ಲ ಟವೆಲ್ ಕೆಳಗೆ ನಡೆದಿತ್ತು, ಅದಕ್ಕೆ ಸಾಕ್ಷಿಯಿಲ್ಲ. ಟವೆಲ್ ಇಲ್ಲದೆ ನಡೆದರೆ? ಆದರೆ ನಡೆದ ಮೇಲೆ ಆ ಸಂತೆಯಲ್ಲಿ ನನಗೇನು ಕೆಲಸ? ಹೋಗುವುದಿಲ್ಲ. ಹೋಗುವುದಿಲ್ಲವೆಂದು ಕಲ್ಯಾಣಮ್ಮನಿಗೂ ಹೇಳಿದೆ. “ಎಲ್ಲಿಗ್ರಿ?” ಎಂದಳು. ಅವಳಿಗೆ ನಾನು ಇನ್ನೂ ಏನೂ ಹೇಳಿರಲೇ ಇಲ್ಲ. ಕೂರಿಸಿಕೊಂಡು ಎಲ್ಲ ಹೇಳಿದೆ, ಮೊದಲಿಂದ, ಸಿದ್ರಾಮನ ಎರಡು ಬೆರಳಿಂದ.

ಸೆರಗು ಸಿಕ್ಕಿಸಿ ಎದ್ದಳು. “ನಾ ತುಳಜವ್ವಗ ಬಾಜಾರಕ್ಕ ಬಾ ಅಂತ ಫೋನ್ ಮಾಡಿಸ್ತೀನಿ,” ಎಂದಳು.

ಜನವರಿ 27

ಹೋಗಿ ಬಂದೆ.

ಸಂತೆ ತುಂಬಿದ ಹೊತ್ತು. ಬೇವಿನ ಕೆಳಗೆ ಸಿದ್ರಾಮ ಕೂತಿದ್ದ. ತುಳಜಾಬಾಯಿ ನನಗಿಂತ ಮೊದಲೇ ಬಂದು ದೂರ ನಿಂತಿದ್ದಳು. ಕಲ್ಯಾಣಮ್ಮ ಅವಳ ಪಕ್ಕಕ್ಕೆ ಹೋಗಿ ನಿಂತಳು. ದನದ ಸಂತೆಯೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ನನ್ನನ್ನು ನೋಡಿ ಮಂದಿ ಸರಿದು ನಿಂತರು. ಯಾರೋ ಹಿಂದಿನಿಂದ, “ಬಂದಾ ನೋಡು ಪಾಲಗಾರ,” ಎಂದ.

ಸಿದ್ರಾಮನ ಎದುರಿಗೆ ಕೂತೆ. ಅವನು ರೂಢಿಯಂತೆ ಹೆಗಲ ಮೇಲಿನ ಟವೆಲ್‌ಗೆ ಕೈ ಹಾಕಿದ.

“ಟವೆಲ್ ಬ್ಯಾಡ,” ಎಂದೆ. ಶಾಲು ತೆಗೆದು ನನ್ನ ಕೈ ಚಾಚಿದೆ. “ಅವತ್ತ ಹೆಂಗ ಹಿಡದಿದ್ದಿ, ಹಂಗಽ ಹಿಡಿ. ಎಲ್ಲಾರೂ ನೋಡ್ಲಿ.”

“ಬಯಲಾಗ ಹೆಂಗೋ ಭೀಮಶಾ? ಹಂಗ ಯಾರರ ಹಿಡೀತಾರೇನು?”

“ಹಿಡಿಯೋ ಮಾರಾಯಾ.”

ಅವನಿಗೆ ನಾಚಿಕೆಯಾಯಿತು, ಬರಿಮೈಯಲ್ಲಿ ನಿಲ್ಲಿಸಿದ ಹಾಗೆ. ಆದರೂ ಎರಡು ಬೆರಳು ಹಿಡಿದ. ಈ ಸಲ ನಾನು ಮುಖ ಬಿಗಿಹಿಡಿಯಲಿಲ್ಲ. ಕೂಗಿದೆ. ಬೆರಳು ಮಡಚಿ ಅವನ ಅಂಗೈ ಅಮುಕಿದವು. ಅವನು ಬಿಡಿಸಿಕೊಳ್ಳಲು ನೋಡಿದ, ಬಿಚ್ಚಲಿಲ್ಲ, ನಾನೇ ಎಡಗೈಯಿಂದ ಒಂದೊಂದಾಗಿ ಬಿಚ್ಚಿದೆ. ಅಷ್ಟರಲ್ಲಿ ಕೆಂಪು ಮೊಣಕೈ ಹತ್ತಿರ ಬಂದಿತ್ತು. ಬೆವರು ಅವನ ಧೋತರದ ಮೇಲೆ ತೊಟ್ಟಿಕ್ಕಿತು. ಎರಡೂ ಕೈ ಪಕ್ಕಪಕ್ಕ ಹಿಡಿದು ತೋರಿಸಿದೆ. ಒಂದು ನನ್ನ ವಯಸ್ಸಿನದು, ಒಂದು ಬೇಯಿಸಿ ತೆಗೆದದ್ದು. ಹತ್ತಿರ ಬಂದು ಬಗ್ಗಿ ನೋಡಿದರು.

“ಅವತ್ತೂ ಇದಽ ಆತು,” ಎಂದೆ. “ನಾ ಅಮುಕಲಿಲ್ಲ. ಇದು ಅಮುಕ್ತು. ಅವತ್ತಽ ಹೇಳಬೇಕಾಗಿತ್ತು, ಹೇಳಲಿಲ್ಲ.”

ಟವೆಲ್ ತೆಗೆದ ಮೇಲೆ ಮಾತು ಹಿಂದೆ ಬರುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು, ನಾನು ಹಿಂದೆ ಕೊಡು ಎಂದು ಕೇಳಲಿಲ್ಲ. ಸಿದ್ರಾಮ ತನ್ನ ಅಂಗೈ ನೋಡಿಕೊಂಡ. ಧೋತರಕ್ಕೆ ಒರೆಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ:

“ಇದು ಮಾತಲ್ಲಪಾ. ಇದು ಬರೇ ನೋವು. ನೋವಿನ ಮ್ಯಾಲ ನಾ ಎತ್ತ ಒಯ್ಯಂಗಿಲ್ಲ.”

ನಾಡಿದ್ದು ಜೋಡಿಯನ್ನು ಕಂದಲಗಾಂವಕ್ಕೆ ಹೊಡೆದುಕೊಂಡು ಬರುತ್ತಾನೆ. ತುಳಜಾಬಾಯಿ ನನ್ನ ಹತ್ತಿರ ಬಂದಳು, ಬೆಲಿ ಬಿದ್ದಾವ ಅಂತ ಸುಳ್ಳ ಹೇಳಿದ್ದಿಯಲ್ಲೋ ಎಂದು ಈಗಾದರೂ ಬೈದಳು, ಚೆನ್ನಾಗಿ ಬೈದಳು. ಜೋಡಿಯನ್ನು ಮುಂದೆ ಯಾರ ಕೈಯಿಂದ ಮಾರಿಸುತ್ತಾಳೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ತನಕ ಸಂತೆಯಲ್ಲಿ ಬೇರೆ ಯಾರೂ ನನ್ನ ಮುಂದೆ ಟವೆಲ್ ಹಾಸಲಿಲ್ಲ.

ಫೆಬ್ರುವರಿ 3

ಸಂತೆಯ ದಿನ. ಹೋಗಲಿಲ್ಲ. ಯಾರೂ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂತು ಎಸ್‌ಟಿಗಳನ್ನು ನೋಡಿದೆ. ಕೈ ಬಿಸಿಲಿಗೆ ಬಿಚ್ಚಿಟ್ಟಿದ್ದೆ. ಒಂದು ವರ್ಷ ಹಿಡಿಯಬಹುದು, ಪೂರಾ ಮೊದಲಿನಂತೆ ಆಗದೆಯೂ ಇರಬಹುದು ಎಂದು ರೂಪಾಲಿ ಸ್ಪಷ್ಟ ಹೇಳಿದ್ದಾಳೆ.

ಫೆಬ್ರುವರಿ 11

ದೊಡ್ಡವರ ಟವೆಲ್ ಸವರುತ್ತಿದ್ದೆ. ಕಲ್ಯಾಣಮ್ಮ ಒಳಗೆ ಬಂದಳು, ಎದುರಿಗೆ ಕೂತಳು. ಟವೆಲ್ ನನ್ನಿಂದ ತೆಗೆದುಕೊಂಡು ಬಿಡಿಸಿ ನನ್ನ ಕೈ ಮೇಲೆ ಹಾಸಿದಳು. ತನ್ನ ಕೈ ಕೆಳಗೆ ತಂದಳು. ಬಾಜಾರದಲ್ಲಿ ದೂರ ನಿಂತು ಉಳಿದ ದಲ್ಲಾಳಿಗಳು ಮಾಡುವ ಇದನ್ನೇ ನೋಡಿಕೊಂಡು ಬಂದಿದ್ದಾಳೆ ಎಂದು ನಗು ಬಂತು.

ಕಿರುಬೆರಳು ಹಿಡಿದಳು. ಉರಿಯಿತು. ತಡೆದೆ. ಉರಿ ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತಿತು. ಒಂದು ಬೆರಳು ಎಂದರೆ ಯಾವ ಬೆಲೆ ಎಂದು ಲೆಕ್ಕ ಹಾಕಿದೆ. ಅವಳು ಇನ್ನೊಂದು ಬೆರಳು ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ಹೀಗೆ ಯಾರೂ ವ್ಯಾಪಾರ ಮಾಡುವುದಿಲ್ಲ.

“ಏನ ಮಾರಾಕತ್ತೀದಿ?” ಎಂದು ಕೇಳಿದೆ.

“ಏನೂ ಇಲ್ರಿ,” ಎಂದಳು. “ಸುಮ್ನ ಹಿಡಕೊಂಡೀನಿ.”